ಲೆಕ್ಕಕ್ಕೆ ಸಿಗದ ತೋಟೆ

ಚಾಕಣದ ಕೈಗಾರಿಕಾ ಪ್ರದೇಶದಲ್ಲಿ ಪೌಡರ್ ಕೋಟಿಂಗ್ ಎಂಬ ಮಾತನ್ನು ಕೇಳದ ಕಾರ್ಮಿಕನಿಲ್ಲ. ಪುಣೆಯಿಂದ ನಾಸಿಕಕ್ಕೆ ಸಾಗುವ ಹೆದ್ದಾರಿಯ ಮೇಲಿನ ಈ ಊರಿನ ಸುತ್ತ ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್-ಬೆಂಜ್‌ನಂತಹ ದೊಡ್ಡ ಕಾರ್ಖಾನೆಗಳಿವೆ. ಅವುಗಳಿಗೆ ಬಿಡಿಭಾಗ ಒದಗಿಸುವ, ಆ ಬಿಡಿಭಾಗಗಳಿಗೆ ಬಣ್ಣ ಹಾಕಿಕೊಡುವ ಸಣ್ಣ ಘಟಕಗಳು ಅವುಗಳ ನೆರಳಿನಲ್ಲಿ ಬದುಕುತ್ತವೆ. ಕೆಲಸ ಸರಳ. ಲೋಹದ ಭಾಗದ ಮೇಲೆ ಒಣ ಪುಡಿಯನ್ನು ವಿದ್ಯುತ್ ಸೆಳೆತದಿಂದ ಅಂಟಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ಇಟ್ಟರೆ ಪುಡಿ ಕರಗಿ, ಹರಡಿ, ಗಟ್ಟಿಯಾದ ಪದರವಾಗುತ್ತದೆ. ಕನ್ನಡ ನಾಡಿನಿಂದ ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋದ ಅನೇಕ ಯುವಕರು ಕಲಿತ ಮೊದಲ ಕಸುಬು ಇಂಥದ್ದೇ.

ಇದೇ ವಿದ್ಯೆಯನ್ನು ಅಮೆರಿಕದ ಹವ್ಯಾಸಿ ಬಂದೂಕುಗಾರರು ಮನೆಯ ಗ್ಯಾರೇಜಿನಲ್ಲಿ ಸೀಸದ ಗುಂಡುಗಳಿಗೆ ಬಳಸುತ್ತಿದ್ದಾರೆ. ಒಮ್ಮೆ ಹಾರಿಸಿದ ತೋಟೆಯ ಖಾಲಿ ಹಿತ್ತಾಳೆಯನ್ನು ಎತ್ತಿಟ್ಟುಕೊಂಡು, ಅದಕ್ಕೆ ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಹಾರಿಸುವ ಈ ಹವ್ಯಾಸಕ್ಕೆ ಅಲ್ಲಿ ರೀಲೋಡಿಂಗ್ ಎಂದು ಹೆಸರು. ಅದರ ದೃಶ್ಯಗಳು ಇಂದು ಯಾವ ಊರಿನ ಮೊಬೈಲಿನಲ್ಲಿಯೂ ಸಿಗುತ್ತವೆ. ನೋಡಿದವನಿಗೆ, ಅದರಲ್ಲಿಯೂ ಚಾಕಣದಂತಹ ಊರಿನಲ್ಲಿ ಒಲೆ, ಪುಡಿ, ಲೇತ್ ಎಲ್ಲವೂ ಕೈಯಳತೆಯಲ್ಲಿ ಇರುವವನಿಗೆ, ಇದೇನು ಮಹಾ ಕೆಲಸ ಎನ್ನಿಸುವುದು ಸಹಜ. ಕೆಲಸ ಮಹಾ ಕೆಲಸವಲ್ಲದಿರಬಹುದು. ಅದರ ಫಲ ಮಾತ್ರ ಸಣ್ಣದಲ್ಲ. ಭಾರತದಲ್ಲಿ ಮನೆಯೊಳಗೆ ತೋಟೆ ತುಂಬುವ ಹವ್ಯಾಸಕ್ಕೆ ಎಡೆ ಇರಬಾರದು. ಬೇಡ ಎನ್ನುವ ಸರ್ಕಾರಕ್ಕೂ, ಕೇಳದೆ ಕೆಲಸ ಒಪ್ಪಿಕೊಳ್ಳುವ ಉದ್ಯಮಿಗೂ ಈ ವಿಷಯದಲ್ಲಿ ಹೊಣೆಗಳಿವೆ. ಆ ಹೊಣೆಗಳ ಲೆಕ್ಕವನ್ನು ಸಮಾಜ ತೆರೆದು ನೋಡಬೇಕಾಗಿದೆ.

ಮಲೆನಾಡಿನವರು ತೋಟೆ ಎಂದೂ ಉತ್ತರ ಕರ್ನಾಟಕದವರು ಕಾಡತೂಸು ಎಂದೂ ಕರೆಯುವ ವಸ್ತುವಿನಲ್ಲಿ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು, ಬಾಯಿಯಲ್ಲಿ ಕೂತ ಗುಂಡು. ಹಾರಿದ ಮೇಲೆ ಉಳಿಯುವುದು ಕೋಶ ಮಾತ್ರ. ಬೆಲೆಯಲ್ಲಿ ದೊಡ್ಡ ಪಾಲು ಅದರದೇ ಆದ್ದರಿಂದ ಅದನ್ನು ಮರುಬಳಸಿದರೆ ಉಳಿತಾಯ ಎಂಬುದು ರೀಲೋಡಿಂಗಿನ ಮೂಲ ತರ್ಕ. ಗುಂಡನ್ನು ಸೀಸದಿಂದ ಮನೆಯಲ್ಲಿಯೇ ಎರಕ ಹೊಯ್ದರೆ ಉಳಿತಾಯ ಇನ್ನೂ ಹೆಚ್ಚು. ಆದರೆ ಬರಿಯ ಸೀಸ ಮೆತ್ತಗಿನ ಲೋಹ. ನಳಿಕೆಯ ಒಳಗೆರೆಗಳಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ತಡೆಯಲು ಹಿಂದೆ ಮೇಣ ಸವರುತ್ತಿದ್ದರು, ಅದರಿಂದ ಹೊಗೆ ಬರುತ್ತಿತ್ತು. ಕಾರ್ಖಾನೆಯ ಗುಂಡಿಗೆ ತಾಮ್ರದ ಕವಚ ಇರುತ್ತದೆ, ಅದು ದುಬಾರಿ. ಇವೆರಡರ ನಡುವಿನ ದಾರಿಯಾಗಿ ಬಂದದ್ದು ಬೇಯಿಸಿದ ಪಾಲಿಮರ್ ಪದರದ ಸೀಸದ ಗುಂಡು. ಕಾರಿನ ಬ್ರಾಕೆಟ್ಟಿಗೆ ಹಾಕುವ ಬಣ್ಣವೇ ಗುಂಡಿನ ಅಂಗಿಯಾಯಿತು.

ಅಮೆರಿಕದಲ್ಲಿ ಸ್ವಂತ ಬಳಕೆಗೆ ಹೀಗೆ ತುಂಬಿಕೊಳ್ಳುವುದಕ್ಕೆ ಒಕ್ಕೂಟ ಸರ್ಕಾರದ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ತಯಾರಿಸಿದರೆ ಮಾತ್ರ ಬೇಕು. ಭಾರತದ ಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಮದ್ದುಗುಂಡುಗಳನ್ನು ತಯಾರಿಸುವಂತಿಲ್ಲ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ತೋಟೆ ತಯಾರಿಸುವ ಪರವಾನಗಿಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು 2ನೆಯ ಕಲಮಿನ ವ್ಯಾಖ್ಯೆ. ಅದರಂತೆ ಮದ್ದುಗುಂಡಿನ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ‘ಮದ್ದುಗುಂಡು’ ಎಂಬ ಪದದ ಒಳಗೇ ಬರುತ್ತವೆ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ಮೊದಲು ಇದು 3ರಿಂದ 7 ವರ್ಷ ಇತ್ತು. ಹವ್ಯಾಸದ ವಿಡಿಯೋ ನೋಡುವ ಹುಡುಗನಿಗೆ ಈ ಅಂತರವನ್ನು ಯಾವ ವಿಡಿಯೋವೂ ಹೇಳುವುದಿಲ್ಲ.

ಈ ವ್ಯಾಖ್ಯೆ ಚಾಕಣದ ಘಟಕದ ಬಾಗಿಲಿಗೆ ಹೇಗೆ ಬರುತ್ತದೆ ಎಂಬುದನ್ನು ಒಂದು ಊಹೆಯ ಉದಾಹರಣೆಯಿಂದ ತಿಳಿಯಬಹುದು. ಒಬ್ಬ ಪರಿಚಿತ ಗಿರಾಕಿ ಎರಡು ಕಿಲೋ ಸಣ್ಣ ಸೀಸದ ತುಂಡುಗಳನ್ನು ತರುತ್ತಾನೆ. ಮೀನುಗಾರಿಕೆಯ ಭಾರದ ತುಂಡು ಎನ್ನುತ್ತಾನೆ, ಅಥವಾ ಏನೂ ಹೇಳುವುದಿಲ್ಲ. ಘಟಕದ ಒಡೆಯ ಚಲನ್ ಮೇಲೆ ‘ಸೀಸದ ಸಾಮಾನು, ಕೋಟಿಂಗ್ ಕೆಲಸ’ ಎಂದು ಬರೆಸಿ ಒಲೆಗೆ ಹಾಕಿಸುತ್ತಾನೆ. ಜಿಎಸ್‌ಟಿಯ ವರ್ಗೀಕರಣದಲ್ಲಿ ಸೀಸದ ಇತರ ಸಾಮಾನುಗಳಿಗೆ 7806 ಎಂಬ ಶೀರ್ಷಿಕೆ ಇದೆ. ತೋಟೆ, ಗುಂಡು, ಚರೆ ಮತ್ತು ಅವುಗಳ ಭಾಗಗಳಿಗೆ ಇರುವುದು 9306. ಎರಡೂ ಸೀಸವೇ, ಎರಡೂ ಒಂದೇ ಒಲೆಯಲ್ಲಿ ಬೇಯುತ್ತವೆ. ಆದರೆ ಮೊದಲನೆಯದು ಜಾಬ್‌ವರ್ಕ್, ಎರಡನೆಯದು ಪರವಾನಗಿ ಇಲ್ಲದಿದ್ದರೆ ಅಪರಾಧ. ‘ಏನೆಂದು ತಿಳಿದಿರಲಿಲ್ಲ’ ಎಂಬ ವಾದ ಕೊನೆಗೆ ನ್ಯಾಯಾಲಯದಲ್ಲಿ ನಿಲ್ಲಬಹುದು. ಅಲ್ಲಿಯವರೆಗಿನ ವರ್ಷಗಳನ್ನು, ಬೀಗ ಬಿದ್ದ ಘಟಕವನ್ನು, ಕೂಲಿ ನಿಂತ ಹತ್ತು ಮನೆಗಳನ್ನು ಯಾವ ತೀರ್ಪೂ ಹಿಂತಿರುಗಿಸಿ ಕೊಡುವುದಿಲ್ಲ. ಆಕಾರ ನೋಡಿಯೂ ಕೇಳದಿದ್ದವನ ಮೌನವನ್ನು ಅಜ್ಞಾನವೆಂದು ಕರೆಯುವುದೂ ಕಷ್ಟ.

ಇಷ್ಟು ಕಠಿಣ ಕಾನೂನು ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ತೋಟೆಯ ಸ್ವಭಾವದಲ್ಲಿಯೇ ಇದೆ. ಬಂದೂಕು ನೂರು ವರ್ಷ ಬಾಳುವ ಕಬ್ಬಿಣ. ಅದನ್ನು ಹಳ್ಳಿಯ ಕುಲುಮೆಯಲ್ಲಿಯೂ ಮಾಡಬಲ್ಲರು ಎಂಬುದು ಪೊಲೀಸರಿಗೆ ಹೊಸ ವಿಷಯವಲ್ಲ. ಪುಣೆ ಭಾಗದಲ್ಲಿ ವಶವಾಗುವ ನಾಡಪಿಸ್ತೂಲುಗಳ ತನಿಖೆಯಲ್ಲಿ ಮಧ್ಯಪ್ರದೇಶದ ಬಡವಾನಿ ಜಿಲ್ಲೆಯ ಉಮರ್ಟಿಯ ಹೆಸರು ಮತ್ತೆ ಮತ್ತೆ ಕೇಳಿಬಂದಿದೆ. ಆದರೆ ತೋಟೆ ಇಲ್ಲದ ಪಿಸ್ತೂಲು ಸುತ್ತಿಗೆಗಿಂತ ಹೆಚ್ಚಿನದಲ್ಲ. ಹಾರುವ ತೋಟೆಗೆ ನಿಖರವಾದ ಕಾರ್ಖಾನೆ ಬೇಕು, ಆ ಕಾರ್ಖಾನೆಗೆ ಲೆಕ್ಕ ಇರುತ್ತದೆ. ಪರವಾನಗಿದಾರನ ಪುಸ್ತಕದಲ್ಲಿ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ತೋಟೆ ಎಂದು ನಮೂದಿರುತ್ತದೆ. ಅಂಗಡಿಯವನು ಮಾರಿದ್ದನ್ನು ತನ್ನ ವಹಿಯಲ್ಲಿ ಬರೆಯಬೇಕು. ಶಸ್ತ್ರ ನಿಯಂತ್ರಣ ಎಂದು ದೇಶ ಕರೆಯುವ ವ್ಯವಸ್ಥೆ ನಿಜದಲ್ಲಿ ನಿಂತಿರುವುದು ಈ ವಹಿಯ ಮೇಲೆ. ಮನೆಯಲ್ಲಿ ತುಂಬಿದ ತೋಟೆ ಈ ವಹಿಯ ಹೊರಗೆ ಹುಟ್ಟುತ್ತದೆ. ಅದಕ್ಕೆ ಖರೀದಿಯ ಬಾಬ್ತು ಇಲ್ಲ, ದಾಸ್ತಾನಿನ ಬಾಬ್ತು ಇಲ್ಲ, ಖರ್ಚಾದದ್ದಕ್ಕೆ ವೋಚರ್ ಇಲ್ಲ.

ಖಾಲಿ ಕೋಶ ಏನು ಹೇಳಬಲ್ಲದು ಎಂಬುದನ್ನು ಕನ್ನಡ ನಾಡು ದುಃಖದ ಬೆಲೆ ತೆತ್ತು ಕಲಿತಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ಎರಡು ವರ್ಷ, ನಾಲ್ಕುನೂರು ಕಿಲೋಮೀಟರು ಅಂತರದ ಈ ಎರಡು ಘಟನೆಗಳನ್ನು ಜೋಡಿಸಿದ ಮುಖ್ಯ ಸಾಕ್ಷ್ಯಗಳಲ್ಲಿ ಒಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ. ಸ್ಥಳದಲ್ಲಿ ದೊರೆತ ಗುಂಡು ಮತ್ತು ಕೋಶಗಳ ಮೇಲಿನ ಗುರುತುಗಳನ್ನು ಹೋಲಿಸಿ, ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂಬ ನಿಲುವಿಗೆ ತನಿಖಾ ತಂಡ ಬಂದಿತು. ಪುಣೆಯಲ್ಲಿ 2013ರ ಆಗಸ್ಟ್ 20ರಂದು ನಡೆದ ನರೇಂದ್ರ ದಾಭೋಲ್ಕರರ ಹತ್ಯೆಯಲ್ಲಿ ಇಬ್ಬರು ಗುಂಡು ಹಾರಿಸಿದವರಿಗೆ ಜೀವಾವಧಿ ಶಿಕ್ಷೆಯಾದದ್ದು 2024ರ ಮೇ ತಿಂಗಳಿನಲ್ಲಿ, ಸುಮಾರು ಹನ್ನೊಂದು ವರ್ಷಗಳ ಅನಂತರ. ಸಾಕ್ಷ್ಯಗಳು ಇದ್ದೂ ನ್ಯಾಯ ಇಷ್ಟು ನಿಧಾನವಾಗುವ ದೇಶದಲ್ಲಿ ಇರುವ ಸಾಕ್ಷ್ಯವನ್ನೇ ಮಸುಕುಗೊಳಿಸುವ ಹವ್ಯಾಸವನ್ನು ಸ್ವಾತಂತ್ರ್ಯವೆಂದು ಕರೆಯಲಾಗದು. ಕಾರ್ಖಾನೆಯ ಕೋಶದ ತಳದಲ್ಲಿ ತಯಾರಕರ ಮುದ್ರೆ ಇರುತ್ತದೆ. ಮರುತುಂಬಿದ ಕೋಶದಲ್ಲಿ ಮುದ್ರೆ ಒಬ್ಬರದು, ಮದ್ದು ಇನ್ನೊಬ್ಬರದು, ಗುಂಡು ಮತ್ತೊಬ್ಬರದು. ಹಳೆಯ ಬಿಲ್ಲಿನ ಮೇಲೆ ಹೊಸ ಸರಕು ಸಾಗಿಸಿದಂತೆ ಅದು. 7.65 ಮಿ.ಮೀ. ಎಂದರೆ ನಾಗರಿಕರಿಗೆ ಪರವಾನಗಿಯ ಮೇಲೆ ಸಿಗುವ .32 ಪಿಸ್ತೂಲಿನ ಅಳತೆಯೇ ಎಂಬುದನ್ನೂ ಮರೆಯುವಂತಿಲ್ಲ.

ಇದಕ್ಕೆ ಎದುರು ನಿಲ್ಲುವ ವಾದಗಳಲ್ಲಿ ಎರಡು ತೂಕದವು. ಮೊದಲನೆಯದು ಸ್ವಾತಂತ್ರ್ಯದ ವಾದ. 1878ರ ಶಸ್ತ್ರ ಕಾಯ್ದೆ ಯೂರೋಪಿಯನ್ನರನ್ನು ಹೊರಗಿಟ್ಟು ಭಾರತೀಯರ ಕೈಯನ್ನು ಮಾತ್ರ ಕಟ್ಟಿತ್ತು. ಅದರ ಅಪಮಾನ ಎಷ್ಟು ಆಳವಾಗಿತ್ತೆಂದರೆ 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು ಇದೇ ಹಕ್ಕನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ, ಸಭೆ ಅದನ್ನು ತಿರಸ್ಕರಿಸಿತು. ಸಂವಿಧಾನದ 19ನೆಯ ವಿಧಿಯಲ್ಲಿ ಆಯುಧಗಳ ಮಾತು ಬರುವುದು ಒಮ್ಮೆ ಮಾತ್ರ, ಅದೂ ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕಿನ ರೂಪದಲ್ಲಿ. ಕಾಮತರ ವಾದದಲ್ಲಿ ಸತ್ಯವಿತ್ತು: ಒಂದು ಜನಾಂಗಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದ ಕಾನೂನು ಅನ್ಯಾಯ. ಆದರೆ ಅದರ ಪರಿಹಾರ ಎಲ್ಲರಿಗೂ ಒಂದೇ ವಹಿ ಇಡುವುದು. ವಹಿಯನ್ನೇ ಹರಿದು ಹಾಕುವುದು ಅದಕ್ಕೆ ಪರಿಹಾರವಾಗದು.

ಎರಡನೆಯದು ಕ್ರೀಡೆಯ ವಾದ, ಇದು ಹೆಚ್ಚು ಪ್ರಾಮಾಣಿಕವಾದದ್ದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ಗಡಿಯ ಎರಡೂ ಕಡೆಯ ಊರುಗಳು ಸಂಭ್ರಮಿಸಿದವು. ಸಾಮಾನ್ಯ ಕುಟುಂಬದ ಮಗು ಈ ಕ್ರೀಡೆಗೆ ಇಳಿದರೆ ತೋಟೆಯ ಖರ್ಚೇ ಮನೆಯ ಬಜೆಟ್ಟನ್ನು ಮುರಿಯುತ್ತದೆ. ಮರುತುಂಬುವಿಕೆಗೆ ಅವಕಾಶ ಕೊಟ್ಟರೆ ಅಂಥ ಮಕ್ಕಳಿಗೆ ನೆರವಾಗದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ನಿರೀಕ್ಷಿಸಿದಂತಿಲ್ಲ. ಒಲಿಂಪಿಕ್ಸಿನ ಬಂದೂಕು ಸ್ಪರ್ಧೆಗಳಲ್ಲಿ 10 ಮೀಟರಿನವು ಗಾಳಿ ಬಂದೂಕಿನವು. ಅವುಗಳಲ್ಲಿ ಮದ್ದೇ ಇಲ್ಲ. 25 ಮತ್ತು 50 ಮೀಟರಿನವು .22 ತೋಟೆಯವು, ಅದರಲ್ಲಿ ಕಿಡಿಯ ರಾಸಾಯನಿಕ ಕೋಶದ ಅಂಚಿನೊಳಗೇ ಇರುವುದರಿಂದ ಅದನ್ನು ಮರುತುಂಬುವ ರೂಢಿಯೇ ಇಲ್ಲ. ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳ ತೋಟೆಯನ್ನು ಮರುತುಂಬಬಹುದು, ಆದರೆ ಅದರೊಳಗೆ ಇರುವುದು ಸಣ್ಣ ಚರೆ. ಪದರ ಬೇಯಿಸಿದ ಸೀಸದ ಗುಂಡು ಕುಸಾಳೆಯ ದಾರಿಯಲ್ಲಿ ನಡೆಯುವ ಮಗುವಿಗೆ ಒಂದು ರೂಪಾಯಿಯನ್ನೂ ಉಳಿಸುವುದಿಲ್ಲ.

ಒಂದು ನಿಜವಾದ ಅಪವಾದ ಇದೆ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಒಲಿಂಪಿಕ್ಸಿನಲ್ಲಿ ಇಲ್ಲದಿದ್ದರೂ ಏಷ್ಯಾ ಮಟ್ಟದಲ್ಲಿ ಭಾರತಕ್ಕೆ ಕೀರ್ತಿ ತಂದ ಸ್ಪರ್ಧೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಅದರಲ್ಲಿ ಚಿನ್ನ ಗೆದ್ದಿದ್ದರು. ಅಲ್ಲಿ ಬಳಕೆಯಾಗುವ .32 ತೋಟೆಯನ್ನು ಮರುತುಂಬಬಹುದು, ಪದರದ ಸೀಸ ಅದಕ್ಕೆ ಒಗ್ಗುತ್ತದೆ, ಉಳಿತಾಯವೂ ನಿಜ. ಆ ಕೆಲವು ನೂರು ಕ್ರೀಡಾಪಟುಗಳ ಅಗತ್ಯವನ್ನು ‘ಕಾನೂನಿನಲ್ಲಿಲ್ಲ’ ಎಂದು ತಳ್ಳಿಹಾಕುವುದು ಸರ್ಕಾರಕ್ಕೆ ಸುಲಭ, ಆದರೆ ನ್ಯಾಯವಲ್ಲ. ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಲ್ಲಿ ಹುಟ್ಟಿದಾಗ ಅದನ್ನು ಮುನ್ನಡೆಸಿದವರು ಲೋಕಸಭೆಯ ಮೊದಲ ಸಭಾಧ್ಯಕ್ಷ ಜಿ. ವಿ. ಮಾವಳಂಕರ್, ಗಾಂಧೀಜಿಯ ಅನುಯಾಯಿ. ಅಹಿಂಸೆಯನ್ನು ನಂಬಿದ ವ್ಯಕ್ತಿಗೆ ಗುರಿಯ ಕ್ರೀಡೆಯಲ್ಲಿ ವಿರೋಧ ಕಾಣಲಿಲ್ಲ. ಪುಣೆಯ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಸರ್ಕಾರಿ ಕಾರ್ಖಾನೆ ಇದೆ. 2021ರ ಅಕ್ಟೋಬರ್ 1ರಂದು ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದಾಗ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿತು. ಆ ಕಂಪನಿಯ ಕೇಂದ್ರ ಕಚೇರಿಯೂ ಪುಣೆಯಲ್ಲಿಯೇ ಇದೆ. ಚಾಕಣದಿಂದ ಒಂದು ಗಂಟೆಯ ದಾರಿಯಲ್ಲಿ ಸಾರ್ವಜನಿಕ ಸ್ವತ್ತಿನ ಇಷ್ಟು ದೊಡ್ಡ ಸಾಮರ್ಥ್ಯ ಇರುವಾಗ ಕ್ರೀಡಾಪಟುವಿಗೆ ಕೈಗೆಟುಕುವ ಬೆಲೆಯ ತೋಟೆ ಒದಗಿಸಲಾಗದು ಎಂಬ ಮಾತು ನಂಬಲು ಕಷ್ಟ.

ಹೊರದೇಶದ ಉದಾಹರಣೆ ಕೊಡುವವರು ಸಾಮಾನ್ಯವಾಗಿ ಅಮೆರಿಕದಲ್ಲಿಯೇ ನಿಲ್ಲುತ್ತಾರೆ. ಜರ್ಮನಿಯಲ್ಲಿ ಸ್ವಂತಕ್ಕೆ ತೋಟೆ ತುಂಬಲು ಸ್ಫೋಟಕ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಕು. ಅದಕ್ಕೆ ಮೊದಲು ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬ್ರಿಟನ್ನಿನಲ್ಲಿ ಮನೆಯಲ್ಲಿ ತುಂಬಲು ಅವಕಾಶವಿದೆ, ಆದರೆ 2006ರ ಕಾಯ್ದೆಯ ನಂತರ ಪ್ರೈಮರುಗಳನ್ನು ಪ್ರಮಾಣಪತ್ರ ತೋರಿಸಿದವರಿಗೆ ಮಾತ್ರ ಮಾರಬಹುದು. ಹೊಂದಬಹುದಾದ ತೋಟೆಗಳ ಸಂಖ್ಯೆಯನ್ನು ಪ್ರಮಾಣಪತ್ರವೇ ಹೇಳುತ್ತದೆ. ಆ ದೇಶಗಳು ಅವಕಾಶ ಕೊಡುವ ಮೊದಲು ಬಾಗಿಲಲ್ಲಿ ಒಬ್ಬ ಲೆಕ್ಕಿಗನನ್ನು ಕೂರಿಸಿವೆ.

ಇನ್ನು ಸೀಸದ ವಿಷಯ. ಪದರ ಹಾಕಿದ ಗುಂಡು ‘ಸುರಕ್ಷಿತ’ ಎಂಬ ಪ್ರಚಾರ ಅರ್ಧ ಸತ್ಯ. ಬೆಂದ ಪದರದ ಮೇಲೆ ಕೈಯಾಡಿಸಿದರೆ ಸೀಸ ಬೆರಳಿಗೆ ಅಂಟುವುದು ಕಡಿಮೆ, ನಳಿಕೆಯೂ ಶುದ್ಧವಾಗಿರುತ್ತದೆ. ಆದರೆ ಪದರ ಹಾಕುವ ಮೊದಲು ಸೀಸವನ್ನು ಕರಗಿಸಬೇಕು, ಅದು ಕರಗುವುದು 327 ಡಿಗ್ರಿಯಲ್ಲಿ. ಹಳೆಯ ಬ್ಯಾಟರಿ, ಚಕ್ರಕ್ಕೆ ಹಾಕುವ ತೂಕದ ತುಂಡು ಮುಂತಾದ ಗುಜರಿ ಸೀಸದ ಕಿಟ್ಟದಿಂದ ಏಳುವ ಧೂಳು ಮನೆಯ ನೆಲಕ್ಕೆ, ಬಟ್ಟೆಗೆ, ಪಾತ್ರೆಗೆ ಇಳಿಯುತ್ತದೆ. ಸಾಮಾನ್ಯ ಪ್ರೈಮರಿನೊಳಗಿನ ರಾಸಾಯನಿಕದಲ್ಲಿಯೂ ಸೀಸವಿದೆ, ಅದನ್ನು ಯಾವ ಪದರವೂ ಮುಚ್ಚುವುದಿಲ್ಲ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಆತಂಕದ ಮಟ್ಟದಲ್ಲಿದೆ ಎಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ವರದಿ ಅಂದಾಜಿಸಿತು. ಅದರಲ್ಲಿ ಭಾರತದ ಪಾಲು ದೊಡ್ಡದು. ಚಾಕಣದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಅಡಿಗೆಯ ಒಲೆ, ಮಗುವಿನ ತೊಟ್ಟಿಲು, ಗಂಡಸಿನ ಕೆಲಸದ ಬಟ್ಟೆ ಎಲ್ಲವೂ ಹತ್ತು ಅಡಿಯೊಳಗೆ ಇರುತ್ತವೆ. ಅಲ್ಲಿ ಸೀಸ ಕರಗಿಸುವ ಹವ್ಯಾಸದ ಬೆಲೆಯನ್ನು ತೆರುವವರು ಆ ಹವ್ಯಾಸವನ್ನು ಆರಿಸಿಕೊಂಡವರಲ್ಲ.

ಜೈನ ಸಮಾಜಕ್ಕೆ ಇದರಲ್ಲಿ ವಿಶೇಷವಾದ ಮಾತೇನು ಎಂದು ಕೇಳಬಹುದು. ಶಸ್ತ್ರವೆಲ್ಲ ಪಾಪ, ಆದ್ದರಿಂದ ಮಾತೇ ಬೇಡ ಎಂಬುದು ಆತುರದ ಉತ್ತರ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಶ್ರಾವಕಾಚಾರದ ವಿಚಾರಧಾರೆ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಆತ್ಮರಕ್ಷಣೆಯ ಅನಿವಾರ್ಯವನ್ನು ಗೃಹಸ್ಥನಿಗೆ ಬಿಟ್ಟಿದೆ. ಆದರೆ ಅದೇ ವಿಚಾರಧಾರೆ ಅನರ್ಥದಂಡ ಎಂಬ ಇನ್ನೊಂದು ಬಾಗಿಲನ್ನು ಗಟ್ಟಿಯಾಗಿ ಮುಚ್ಚಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನೂ ಎಣಿಸುತ್ತದೆ. ಕೊಡಲಿ, ಕತ್ತಿ, ಬೆಂಕಿ, ಸರಪಳಿಯಂತಹ ಹಿಂಸೆಯ ಸಾಧನಗಳನ್ನು ಪ್ರಯೋಜನವಿಲ್ಲದೆ, ವಿವೇಚನೆಯಿಲ್ಲದೆ ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಕೊಟ್ಟವನು ಹೊಡೆಯಲಿಲ್ಲ, ಆದರೂ ಹೊಣೆಯಿಂದ ತಪ್ಪಿಸಿಕೊಳ್ಳಲಾರ. ಇಂದಿನ ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, ಗಿರಾಕಿ ಯಾರು, ವಸ್ತು ಯಾವುದು, ಬಳಕೆ ಏನು ಎಂದು ಕೇಳದೆ ಬಿಲ್ ಹರಿಯುವವನ ದೋಷವೇ ಅದು. ಗೋಶಾಲೆಗೆ ಕೊಟ್ಟ ದೇಣಿಗೆಯ ರಸೀದಿಯನ್ನು ಜೋಪಾನವಾಗಿ ಇಡುವ ಉದ್ಯಮಿ ತನ್ನ ಒಲೆಯೊಳಗೆ ಹೋದ ವಸ್ತುವಿನ ಚಲನ್ ಓದದೆ ಸಹಿ ಹಾಕಿದರೆ, ಅವನ ಅಹಿಂಸೆ ಖರ್ಚಿನ ಕಲಮಿನಲ್ಲಿ ಮಾತ್ರ ಇದೆ, ಆದಾಯದ ಕಲಮಿನಲ್ಲಿ ಇಲ್ಲ.

ದಾರಿ ಯಾವುದು ಎಂಬುದಕ್ಕೆ ಚಾಕಣವೇ ಒಂದು ಹಳೆಯ ಪಾಠ ಕೊಡುತ್ತದೆ. ಅಲ್ಲಿಯ ಸಂಗ್ರಾಮದುರ್ಗವನ್ನು 1660ರಲ್ಲಿ ಶಾಯಿಸ್ತೇಖಾನನ ದೊಡ್ಡ ಸೈನ್ಯದ ಎದುರು ಫಿರಂಗೋಜಿ ನರಸಾಳಾ ಎರಡು ತಿಂಗಳ ಹತ್ತಿರ ಹಿಡಿದು ನಿಂತನು. ಮೊಗಲರು ಸುರಂಗ ತೋಡಿ ಮದ್ದು ತುಂಬಿ ಬುರುಜನ್ನು ಹಾರಿಸಿದ ಮೇಲೆಯೇ ಕೋಟೆ ಬಿದ್ದದ್ದು. ಸಣ್ಣ ನೆಲದುರ್ಗವೊಂದು ಅಷ್ಟು ದಿನ ತಾಳಬೇಕಾದರೆ ಶೌರ್ಯದಷ್ಟೇ ದಾಸ್ತಾನಿನ ಶಿಸ್ತೂ ಬೇಕು. ಶಿವಾಜಿಯ ಕೋಟೆಗಳ ವ್ಯವಸ್ಥೆಯಲ್ಲಿ ಆ ಶಿಸ್ತು ಅಧಿಕಾರ ಹಂಚಿಕೆಯ ರೂಪದಲ್ಲಿತ್ತು. ಹವಾಲ್ದಾರನ ಕೈಯಲ್ಲಿ ಬೀಗದ ಕೈ, ಸರ್ನೋಬತನ ಕೈಯಲ್ಲಿ ಕಾವಲಿನ ಪಡೆ, ಸಬ್ನೀಸನ ಕೈಯಲ್ಲಿ ಲೆಕ್ಕ, ಕಾರಖಾನೀಸನ ಕೈಯಲ್ಲಿ ದವಸ ಮತ್ತು ಯುದ್ಧಸಾಮಗ್ರಿ. ಮದ್ದಿನ ಕೋಣೆ ಯಾರೊಬ್ಬನ ಸ್ವತ್ತೂ ಆಗಿರಲಿಲ್ಲ. ತುಂಬುವವನು, ಕಾಯುವವನು, ಬರೆಯುವವನು ಬೇರೆ ಬೇರೆಯಾಗಿರಬೇಕು ಎಂಬ ಆ ಸೂತ್ರವನ್ನೇ ಇಂದಿನ ಲೆಕ್ಕಪರಿಶೋಧನೆ ಆಂತರಿಕ ನಿಯಂತ್ರಣ ಎಂದು ಕರೆಯುತ್ತದೆ. ಮನೆಯೊಳಗಿನ ರೀಲೋಡಿಂಗಿನಲ್ಲಿ ಈ ಮೂವರೂ ಒಬ್ಬನೇ.

ಆದ್ದರಿಂದ ಸರ್ಕಾರ ಮಾಡಬೇಕಾದದ್ದು ಇಷ್ಟು. ಸೆಂಟರ್ ಫೈರ್ ಕ್ರೀಡಾಪಟುಗಳಿಗೆ ಮರುತುಂಬುವ ಅವಕಾಶ ಬೇಕಿದ್ದರೆ ಅದು ಪುಣೆಯ ಬಾಲೇವಾಡಿಯಂತಹ ಮಾನ್ಯತೆ ಪಡೆದ ರೇಂಜುಗಳ ಒಳಗೆ, ಗಾಳಿ ಹೊರಹೋಗುವ ವ್ಯವಸ್ಥೆಯಿರುವ ಪ್ರತ್ಯೇಕ ಕೋಣೆಯಲ್ಲಿ ಇರಲಿ. ಬಂದ ಪ್ರೈಮರ್ ಎಷ್ಟು, ತುಂಬಿದ ತೋಟೆ ಎಷ್ಟು, ಹಾರಿದ್ದು ಎಷ್ಟು, ಹಿಂತಿರುಗಿದ ಖಾಲಿ ಕೋಶ ಎಷ್ಟು ಎಂಬ ನಾಲ್ಕು ಅಂಕಣಗಳ ವಹಿ ಇರಲಿ. ದಿನದ ಕೊನೆಗೆ ಅದಕ್ಕೆ ಮೂರು ಬೇರೆ ಬೇರೆ ಸಹಿ ಬೀಳಲಿ. ತುಂಬಿದ ತೋಟೆ ರೇಂಜಿನ ಗೇಟು ದಾಟದಿರಲಿ. ಅಲ್ಲಿ ಕೆಲಸ ಮಾಡುವವರ ರಕ್ತದ ಸೀಸದ ಪರೀಕ್ಷೆ ಕಾಲಕಾಲಕ್ಕೆ ನಡೆಯಲಿ. ಇದನ್ನು ಸ್ಪಷ್ಟವಾದ ನಿಯಮವಾಗಿ, ಪ್ರಾದೇಶಿಕ ಭಾಷೆಗಳಲ್ಲಿಯೂ ಪ್ರಕಟಿಸಲಿ. ಜೊತೆಗೆ ಖಡಕಿಯ ಸಾಮರ್ಥ್ಯವನ್ನು ಬಳಸಿ ಕ್ರೀಡೆಯ ತೋಟೆಗಳ ಬೆಲೆ ಇಳಿಸಲಿ. ನಿಷೇಧ ಹೇರಿ ಕೊರತೆಯನ್ನೂ ಉಳಿಸಿದರೆ ಕಳ್ಳದಾರಿಗೆ ಸರ್ಕಾರವೇ ಗಿರಾಕಿಗಳನ್ನು ಕಳುಹಿಸಿದಂತಾಗುತ್ತದೆ.

ಸಮಾಜದ ಉದ್ಯಮಿಗಳು ಮಾಡಬೇಕಾದದ್ದು ಇನ್ನೂ ಸರಳ, ಅದಕ್ಕೆ ಯಾವ ತಿದ್ದುಪಡಿಯನ್ನೂ ಕಾಯಬೇಕಿಲ್ಲ. ಚಾಕಣದಲ್ಲಾಗಲಿ, ಬೆಳಗಾವಿಯ ಫೌಂಡ್ರಿಗಳಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಜಾಬ್‌ವರ್ಕಿಗೆ ಬಂದ ಪ್ರತಿಯೊಂದು ವಸ್ತುವಿನ ಹೆಸರು, ಎಚ್‌ಎಸ್‌ಎನ್ ಸಂಖ್ಯೆ ಮತ್ತು ಅಂತಿಮ ಬಳಕೆಯನ್ನು ಗಿರಾಕಿಯ ಸಹಿಯೊಡನೆ ಬರೆಸಿಕೊಳ್ಳಬೇಕು. ಸೀಸದ ಗುಂಡಿನ ಆಕಾರ, ಹಿತ್ತಾಳೆ ಕೋಶದ ಆಕಾರ ಕಂಡರೆ ಪರವಾನಗಿಯ ಪ್ರತಿ ಕೇಳಬೇಕು. ಇಲ್ಲದಿದ್ದರೆ ಕೆಲಸ ಒಲ್ಲೆ ಎನ್ನಬೇಕು. ಒಲೆಯ ಮುಂದೆ ನಿಂತ ಹುಡುಗನಿಗೂ ಈ ಮಾತನ್ನು ಅವನ ಭಾಷೆಯಲ್ಲಿ ತಿಳಿಸಿ ಹೇಳಬೇಕು, ಏಕೆಂದರೆ ವಸ್ತುವನ್ನು ಕೈಯಿಂದ ಮುಟ್ಟುವವನು ಅವನು, ಪ್ರಕರಣ ದಾಖಲಾದರೆ ಮೊದಲು ಠಾಣೆಗೆ ಹೋಗುವವನೂ ಅವನೇ. ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಅಹಿಂಸೆಯ ಮೇಲೆ ಪ್ರವಚನ ಏರ್ಪಡಿಸುವ ಸಂಘಗಳು ಅದೇ ವೇದಿಕೆಯಲ್ಲಿ ಒಂದು ಗಂಟೆಯನ್ನು ಉದ್ಯೋಗದ ಈ ಹಿಂಸಾದಾನಕ್ಕೆ ಮೀಸಲಿಟ್ಟರೆ ಉಪದೇಶ ಅಂಗಡಿಯವರೆಗೆ ತಲುಪೀತು.

ಎರಡು ಕಿಲೋ ಸೀಸಕ್ಕೆ ಬಣ್ಣ ಬೇಯಿಸಿದ ಕೂಲಿ ಒಂದು ಊಟದ ಖರ್ಚಿಗೂ ಸಾಲದಿರಬಹುದು. ಆ ಕೂಲಿಯನ್ನು ಬಿಟ್ಟುಕೊಟ್ಟರೆ ಲಾಭ-ನಷ್ಟದ ಪಟ್ಟಿಯಲ್ಲಿ ಅದು ಕಾಣಿಸುವುದೂ ಇಲ್ಲ. ಬಿಟ್ಟುಕೊಡದಿದ್ದರೆ ಅದರಿಂದ ಹುಟ್ಟಿದ ತೋಟೆ ಯಾವ ವಹಿಯಲ್ಲಿಯೂ ಸೇರದೆ, ಯಾರದೋ ಅಂಗಳದಲ್ಲಿ ಖಾಲಿ ಕೋಶವಾಗಿ ಸಿಕ್ಕ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ.